ಮೂರು ಕಾಲಿನ ಫೋಟೊಗ್ರಾಫರು

ಕೆಲವರ ಮನೆಯಲ್ಲಿ ನಗುವಂಥದ್ದು ಹಬ್ಬಕ್ಕೊಮ್ಮೆ ಆಗುತ್ತದೆ. ನಮ್ಮ ಮನೆಗೆ ಅದು ಹಾಲು ಹಾಕುವವನ ಹಾಗೆ ದಿನಾ ಬಂದು ಬಾಗಿಲು ಬಡಿಯುತ್ತದೆ. ಆ ಮೂರು ಕಾಲಿನ ಸ್ಟ್ಯಾಂಡು ಬಂದ ಮೇಲಂತೂ ಹೊತ್ತಿಗೊಂದು ಸಲ.

ಸ್ಟ್ಯಾಂಡು ಯಾಕೆ ಬಂತೆಂದರೆ, ನಾವು ಎಲ್ಲಿ ತಿರುಗಾಡಲು ಹೋದರೂ ಫೋಟೊ ತೆಗೆಯುವವಳು ನಾನೇ. ನಮ್ಮ ಮನೆಯವರು ತೆಗೆದರೆ ಫೋಟೊದಲ್ಲಿ ತಲೆ ಇರುವುದಿಲ್ಲ. ತಲೆ ಇದ್ದರೆ ಅದು ನನ್ನದಾಗಿರುವುದಿಲ್ಲ. ಕಮಲಾಪುರದಲ್ಲಿರುವ ನಮ್ಮವ್ವ ಫೋಟೊ ನೋಡಿದಾಗಲೆಲ್ಲ ಕೇಳುತ್ತಿದ್ದಳು: “ನೀ ಹೋಗಿದ್ದಿಲ್ಲೇನು? ಕೂಸಿನ್ನ ಅವರ ಕೂಡ ಒಂದs ಕಳಿಸಿದ್ದೇನು?”

ಅಷ್ಟರಲ್ಲಿ ಮಗಳ ಜವಳ ನಿಶ್ಚಯವಾಯಿತು. ತವರಿನಲ್ಲಿ, ಸೋದರಮಾವನ ತೊಡೆಯ ಮೇಲೆ ಕೂಡಿಸಿ ಹುಟ್ಟುಗೂದಲು ತೆಗೆಸುವ ಕಾರ್ಯ. ನನ್ನ ಮಗಳ ತಲೆಯ ಮೇಲಿನ ಆ ಗುಂಗುರು ಗುಂಗುರು ಕೂದಲು ಮತ್ತೆ ಹಾಗೇ ಬರುತ್ತದೆಂದು ಏನು ಗ್ಯಾರಂಟಿ? ಬೋಳಾಗುವುದರೊಳಗೆ ಆ ಕೂದಲಿರುವ ಅವಳ ಜೊತೆ ನಾನೂ ಇರುವ ಒಂದೇ ಒಂದು ಫೋಟೊ ಬೇಕು ಎಂದು ಹಠ ಹಿಡಿದು ಸ್ಟ್ಯಾಂಡು ತರಿಸಿದೆ.

ವಿಭೂತಿ ಧಾರಣೆ

ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ಗೇಣುದ್ದದ ಸ್ಟ್ಯಾಂಡು. ಮೇಜಿನ ಮೇಲೆ ಇಡುವಂಥದ್ದು. ಜಾಹೀರಾತಿನ ಚಿತ್ರದಲ್ಲಿ ಅದರ ಪಕ್ಕ ಬೇರೆ ಏನೂ ಇಲ್ಲದ್ದರಿಂದ ನಾನು ಆಳುದ್ದ ಇರುತ್ತದೆ ಅಂದುಕೊಂಡಿದ್ದೆ. ಮನೆಯವರು ಅದನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು, “ಇದು ದೊಡ್ಡದಾಗತದೇನು? ಹಾಲು ಕುಡಿಸಬೇಕೇನು?” ಎಂದು ಕೇಳಿದರು.

ನಮ್ಮ ಗಾಜಿಪುರದ ಮನೆಗೆ ಏನೇ ಹೊಸದು ಬರಲಿ, ಅತ್ತೆ ವಿಭೂತಿ ಹಚ್ಚದೆ ಬಳಸಗೊಡುವುದಿಲ್ಲ. ಮಿಕ್ಸಿಗೂ ಹಚ್ಚಿದ್ದಾರೆ, ಫ್ರಿಜ್ಜಿಗೂ ಹಚ್ಚಿದ್ದಾರೆ. ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ದೇವರ ಮುಂದೆ ಇಡಲು ಹೇಳಿದರು, ಇಟ್ಟೆ. ಮರುದಿನ ಕೋಟೆಗೆ ಹೋದೆವು. ಸುಡುಸುಡು ಬಿಸಿಲು, ಪರದೆಯಲ್ಲಿ ಏನೂ ಕಾಣುವಂತಿರಲಿಲ್ಲ. ಅಲ್ಲಿಯ ಹಳೆಯ ಫಿರಂಗಿ ತೋಪಿನ ಹತ್ತಿರ ಗೋಡೆಯ ಮೇಲೆ ಸ್ಟ್ಯಾಂಡು ಇಟ್ಟು ಟೈಮರ್ ಒತ್ತುವುದು, ಓಡುವುದು, ನಗುವುದು. ಹಾಗೆ ತೆಗೆದದ್ದೇ ತೆಗೆದದ್ದು. ಮನೆಗೆ ಬಂದ ಕೂಡಲೇ ನೋಡದೆ ಸ್ಟೇಟಸ್‌ಗೂ ಹಾಕಿಬಿಟ್ಟೆ.

ಅತ್ತೆ ಮೂರು ಬೆರಳಿನಿಂದ ವಿಭೂತಿ ಎಳೆದದ್ದು ಸ್ಟ್ಯಾಂಡಿನ ಕಾಲಿಗಲ್ಲ, ಫೋನಿನ ಬೆನ್ನಿಗೆ. ಅದೂ ಸರಿಯಾಗಿ ಕ್ಯಾಮೆರಾದ ಕಣ್ಣಿನ ಮೇಲೆ. ಫೋಟೊ ತುಂಬ ಬೆಳ್ಳಗೆ ಹೊಗೆ. ಕೋಟೆ ಇಲ್ಲ, ತೋಪು ಇಲ್ಲ, ಕೂದಲಂತೂ ಇಲ್ಲವೇ ಇಲ್ಲ. ಮೋಡದೊಳಗೆ ಮೂರು ನೆರಳು. ಸಂಜೆ ಸ್ಟೇಟಸ್ ನೋಡಿದ ನಮ್ಮ ಅತ್ತಿಗೆಯ ಫೋನು ಬಂತು. ಇಲ್ಲಿ ನಾವು ಸೆಕೆಗೆ ಸಾಯಾಕತ್ತೀವಿ, ನೀವು ಹೇಳದೆ ಕೇಳದೆ ಊಟಿಗೆ ಹೋಗೀರಲ್ಲ ಎಂದು ಸಿಟ್ಟಾಗಿದ್ದಳು.

ಸೌತೆಕಾಯಿ ಗಾಡಿ

ಗೇಣುದ್ದದ ಸ್ಟ್ಯಾಂಡನ್ನು ನೆಲದ ಮೇಲಿಟ್ಟರೆ ಏನಾಗುತ್ತದೆಂದು ಊರೊಳಗಿನ ಅಪ್ಪನ ಕೆರೆಯ ದಂಡೆಯಲ್ಲಿ ಗೊತ್ತಾಯಿತು. ಮನೆಯವರ ಮುಖ ಬರಲಿಲ್ಲ, ಮೂಗಿನ ಹೊಳ್ಳೆ ಎರಡೂ ಸ್ಪಷ್ಟವಾಗಿ ಬಂದವು. ಎತ್ತರ ಬೇಕಲ್ಲ, ಪಕ್ಕದಲ್ಲಿ ಸೌತೆಕಾಯಿ ಮಾರುವ ಗಾಡಿ ನಿಂತಿತ್ತು. ಗಾಡಿಯವ ಒಳ್ಳೆಯ ಮನುಷ್ಯ, ಸೌತೆಕಾಯಿ ಸರಿಸಿ ಜಾಗ ಮಾಡಿಕೊಟ್ಟ.

ನಾನು ಬಿಟ್ಟು ಬಿಟ್ಟು ಹತ್ತು ಫೋಟೊ ತೆಗೆಯುವಂತೆ ಟೈಮರ್ ಒತ್ತಿ ಓಡಿ ಬಂದು ಮಗಳನ್ನು ಎತ್ತಿಕೊಂಡು ನಕ್ಕೆ. ಅದೇ ಹೊತ್ತಿಗೆ ಆಚೆ ಬೇವಿನ ಮರದ ನೆರಳಿನಿಂದ ಯಾರೋ, “ಏ ಕಕಡಿವಾಲಾ, ಇಧರ್ ಆವ್” ಎಂದು ಕೂಗಿದರು. ಗಿರಾಕಿ ಕರೆದರೆ ಯಾವ ಗಾಡಿ ನಿಲ್ಲುತ್ತದೆ? ನಮ್ಮ ಫೋನು, ನಮ್ಮ ಸ್ಟ್ಯಾಂಡು, ಉಪ್ಪು-ಖಾರದ ಡಬ್ಬಿ ಎಲ್ಲವೂ ಕೂಡಿಯೇ ಹೊರಟವು. ನಾನು ಮಗಳನ್ನು ಸೊಂಟಕ್ಕಿಟ್ಟುಕೊಂಡು ಬೆನ್ನು ಹತ್ತಿದೆ. ತಿರುಗಿ ನೋಡಿದರೆ ಮನೆಯವರು ಇನ್ನೂ ಅಲ್ಲೇ ಕೈಕಟ್ಟಿಕೊಂಡು ನಗುತ್ತಾ ನಿಂತಿದ್ದಾರೆ. ಆಮೇಲೆ ಕೇಳಿದರೆ, ಅಲ್ಲಾಡಬೇಡ ಅಂತ ನೀನೇ ಹೇಳಿದ್ದಿಯಲ್ಲ ಎಂದರು.

ಹತ್ತರಲ್ಲಿ ಒಂದು ಫೋಟೊ ಮಾತ್ರ ಭಾರಿ ಬಂದಿತ್ತು. ಬೇವಿನ ನೆರಳು, ಗುರುತಿಲ್ಲದ ಒಂದು ಕುಟುಂಬ, ಎಲ್ಲರ ಕೈಯಲ್ಲೂ ಸೌತೆಕಾಯಿ, ಎಲ್ಲರ ಮುಖದಲ್ಲೂ ನಗು. ಆ ಮನೆಯಾಕೆ ಇಣುಕಿ ನೋಡಿ, ತನ್ನ ನಂಬರಿಗೆ ಕಳಿಸಲು ಹೇಳಿದಳು. ಈಗ ಆಕೆಯ ಡಿಪಿ ಅದೇ. ನಾವು ಸಂಸಾರ ಸಮೇತ ಓಡಾಡಿದ್ದು ಅವರ ಸಂಸಾರದ ಫೋಟೊ ತೆಗೆಯಲಿಕ್ಕೆ.

ಅವ್ವನ ಸಿಂಬಿ

ಜವಳದ ಹಿಂದಿನ ದಿನ ಅತ್ತೆಯನ್ನೂ ಕರೆದುಕೊಂಡು ಕಮಲಾಪುರಕ್ಕೆ ಹೋದೆವು. ಅಣ್ಣನ ತೋಟದಲ್ಲಿ ಕೆಂಪು ಬಾಳೆ ಗೊನೆ ಬಿಟ್ಟಿದ್ದವು. ಅದರ ಮುಂದೆ ತಾಯಿ-ಮಗಳು ನಿಂತರೆ ಎಷ್ಟು ಚಂದ ಎಂದು ಸೀರೆ ಉಟ್ಟು ತಯಾರಾದೆ. ಸ್ಟ್ಯಾಂಡು ಇಲ್ಲ. ಚೀಲ ಕೊಡವಿದೆ, ಹಾಸಿಗೆ ಎತ್ತಿದೆ, ಮನೆಯವರನ್ನು ಬೈದೆ, ಸಿಗದಿದ್ದಾಗ ಇನ್ನೊಮ್ಮೆ ಬೈದೆ. ಹೊತ್ತು ಮುಳುಗಿತು.

ಊಟಕ್ಕೆ ಕುಳಿತಾಗ ಅವ್ವ ಬಿಸಿ ಪುಂಡಿಪಲ್ಯದ ಗಡಿಗೆ ತಂದಿಟ್ಟಳು. ಗಡಿಗೆಯ ಕೆಳಗೆ ಅದು ಉರುಳದ ಹಾಗೆ ಸಿಂಬಿ ಇಡುವುದು ನಮ್ಮ ಕಡೆಯ ಪದ್ಧತಿ. ಸಿಂಬಿ ಕಪ್ಪಗೆ ಹೊಳೆಯುತ್ತಿತ್ತು. ನೋಡಿದರೆ ನನ್ನ ಸ್ಟ್ಯಾಂಡು! ಅದರ ಮೂರೂ ರಬ್ಬರ್ ಕಾಲು ಬೇಕಾದ ಹಾಗೆ ಬಾಗುತ್ತವೆ. ಅವ್ವ ಅವನ್ನು ದುಂಡಗೆ ಸುತ್ತಿಬಿಟ್ಟಿದ್ದಳು.

“ಮಗಳು ಪಟ್ಟಣದಿಂದ ಸಿಂಬಿ ತಂದಾಳ ಅಂತ ನಾ ಖುಷಿ ಆಗೀನಿ,” ಅಂದಳು. “ಹುಲ್ಲಿನದಕ್ಕಿಂತ ಗಟ್ಟಿ ಅದ ನೋಡು.”

ಮನೆಯವರು ಪಲ್ಯ ಹಾಕಿಕೊಳ್ಳುತ್ತಾ, ತಂದಾಗಿನಿಂದ ಇದು ನೆಟ್ಟಗೆ ಒಂದು ಕೆಲಸ ಮಾಡಿದ್ದು ಇವತ್ತೇ ಎಂದರು.

ಕಡೆಯ ಫೋಟೊ

ಜವಳದ ದಿನ ಬೆಳಿಗ್ಗೆ. ಕ್ಷೌರದವರು ಬಂದು ಕತ್ತಿ ಮಸೆಯುತ್ತಿದ್ದರು. ಪೂಜೆ ಮಾಡಿಸಲು ಬಂದ ಅಯ್ಯನವರು ಹೊತ್ತು ಮೀರುತ್ತದೆಂದು ಅವಸರ ಮಾಡುತ್ತಿದ್ದರು. ಇದಲ್ಲದೆ ಇನ್ನೊಂದು ಅವಕಾಶವಿಲ್ಲ. ಗಡಿಗೆಯ ಬಿಸಿಗೆ ಸೊಟ್ಟಗಾದ ಸ್ಟ್ಯಾಂಡಿನ ಒಂದು ಕಾಲು ಎಷ್ಟು ಎಳೆದರೂ ನೆಟ್ಟಗಾಗಲಿಲ್ಲ. ಹಂಡೆ ಬೋರಲು ಹಾಕಿ, ಅದರ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಸೊಟ್ಟ ಕಾಲಿನ ಕೆಳಗೆ ಒಂದು ಕೆಂಪು ಬಾಳೆಹಣ್ಣು ಇಟ್ಟೆ. ನಿಂತಿತು.

ಮೊದಲ ಸಲ ಒತ್ತಿದಾಗ ಅತ್ತೆ ಸೆರಗು ಸರಿಮಾಡಿಕೊಳ್ಳಲು ಹಿಂದಕ್ಕೆ ತಿರುಗಿದರು. ಮುಂದಿನ ಸಲ ಒಲೆಯ ಮೇಲೆ ಹಾಲು ಉಕ್ಕುತ್ತದೆಂದು ಅವ್ವ ಎದ್ದು ಹೋದಳು. ಆಮೇಲೆ ಕ್ಷೌರದವರು ತಾವೂ ಬರುತ್ತೇವೆಂದು ಬಂದು ಸಾಲಿನಲ್ಲಿ ನಿಂತು, ಕೈಯಲ್ಲಿ ಕತ್ತಿ ಹಿಡಿದೇ ಮೀಸೆ ತಿರುವಿದರು. ಅದನ್ನು ನೋಡಿ ಮಗಳು ಚೀರಿದಳು. ಅಯ್ಯನವರು, “ತಂಗೀ, ಫೋಟೊದ್ದೇನು ಮುಹೂರ್ತ ಇಲ್ಲ, ಜವಳದ್ದದ,” ಎಂದರು.

ಇದೇ ಕಡೆಯದು ಎಂದು ಕೈಮುಗಿದು ಎಲ್ಲರನ್ನೂ ಕೂಡಿಸಿದೆ. ಟೈಮರ್ ಒತ್ತಿ ಓಡಿ ಬಂದು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡೆ. ಪಕ್ಕಕ್ಕೆ ನೋಡಿದರೆ ಅತ್ತೆಯ ಕೈ ಮತ್ತೆ ಸೆರಗಿಗೆ ಹೋಗುತ್ತಿದೆ, ಅವ್ವ ಅರ್ಧ ಎದ್ದಿದ್ದಾಳೆ, ಮನೆಯವರು ಮೂಗು ಕೆರೆದುಕೊಳ್ಳುತ್ತಿದ್ದಾರೆ.

“ಯಾರರೆ ಅಲ್ಲಾಡಿದ್ರ ನೋಡ್ರಿ ಇವತ್ತು, ಎಲ್ಲಾರ್ದೂ ಬೋಳಿಸ್ತೀನಿ!” ಎಂದು ಒದರಿದೆ.

ಕ್ಲಿಕ್ ಅಂತು. ಅದರ ಹಿಂದೆಯೇ ಬಾಳೆಹಣ್ಣು ಅಪ್ಪಚ್ಚಿಯಾಗಿ ಸ್ಟ್ಯಾಂಡು ಮಕಾಡೆ ಬಿತ್ತು. ಅಯ್ಯನವರು ಇನ್ನು ಕಾಯಲಿಲ್ಲ. ಅಣ್ಣನ ತೊಡೆಗೆ ಮಗಳು ಹೋದಳು, ಗುಂಗುರು ಕೂದಲೆಲ್ಲ ತಟ್ಟೆಗೆ ಬಿತ್ತು. ಅವಳು ಅತ್ತಳು, ನಾನೂ ಸ್ವಲ್ಪ ಅತ್ತೆ.

ಎಲ್ಲ ಮುಗಿದ ಮೇಲೆ ಹೆದರುತ್ತಲೇ ಫೋನು ತೆಗೆದೆ. ಎಲ್ಲರೂ ಸುತ್ತ ಮುತ್ತಿಕೊಂಡರು. ಫೋಟೊದಲ್ಲಿ ಅತ್ತೆ ಸೆರಗು ಹೊದ್ದು ನೆಟ್ಟಗೆ ಕುಳಿತಿದ್ದಾರೆ. ಅವ್ವ ಮುಂದೆ ನೋಡುತ್ತಿದ್ದಾಳೆ. ಮನೆಯವರು, ಅಣ್ಣ, ಅಯ್ಯನವರು, ಕತ್ತಿ ಬೆನ್ನಿಗೆ ಬಚ್ಚಿಟ್ಟ ಕ್ಷೌರದವರು, ಎಲ್ಲರೂ ಸಾಲಿಯಲ್ಲಿ ಮಾಸ್ತರರ ಮುಂದೆ ನಿಂತ ಹಾಗೆ ಉಸಿರು ಬಿಗಿಹಿಡಿದಿದ್ದಾರೆ. ನಡುವೆ ನಾನು. ಒಂದು ಬೆರಳು ಮೇಲೆ, ಕಣ್ಣು ಕೆಂಪು, ಬಾಯಿ ಹಂಡೆಯಷ್ಟು ತೆರೆದಿದೆ. ನನ್ನ ತೊಡೆಯ ಮೇಲೆ ಮಗಳು, ಒಂದೊಂದು ಗುಂಗುರೂ ಎಣಿಸುವಷ್ಟು ಸ್ಪಷ್ಟ. ಅವಳೊಬ್ಬಳು ಕ್ಯಾಮೆರಾ ನೋಡದೆ, ಕತ್ತು ಎತ್ತಿ ನನ್ನ ಬಾಯೊಳಗೆ ಇಣುಕುತ್ತಿದ್ದಾಳೆ.

ಅತ್ತೆ ಕನ್ನಡಕ ಏರಿಸಿಕೊಂಡು ಫೋನನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು.

“ಫೋಟೊದಾಗ ನಾನೂ ಬರಬೇಕು ಅಂತಿದ್ದಿ,” ಅಂದರು. “ಧ್ವನಿ ಸಮೇತ ಬಂದೀ ನೋಡವಾ.”