ಬಸ್ಸಿಗೆ ಇಲ್ಲೇ ಹತ್ತಿರ

ಮನುಷ್ಯ ತನ್ನ ವಯಸ್ಸು, ಸಂಬಳಗಳ ವಿಷಯದಲ್ಲಿ ಸುಳ್ಳು ಹೇಳುತ್ತಾನೆಂದು ಎಲ್ಲರೂ ಬಲ್ಲರು. ಮನೆಯಿಂದ ಬಸ್ಸಿನ ರಸ್ತೆಗಿರುವ ದೂರದ ವಿಷಯದಲ್ಲಿಯೂ ಹೇಳುತ್ತಾನೆಂಬುದು ನನ್ನ ಸ್ವಂತ ಸಂಶೋಧನೆ. ಸರಕಾರ ಇದಕ್ಕಾಗಿ ನನಗೆ ಸಂಬಳವನ್ನೂ ಕೊಟ್ಟಿತು.

ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದ ಹೊಸತು. ಶಿರಸಿಯ ಅಭಿವೃದ್ಧಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಕಂಡಲ್ಲೆಲ್ಲ ಬೆಟ್ಟ ಕಡಿದು ರಸ್ತೆ ಮಾಡಿ, ಅದು ಮೊದಲ ಮಳೆಗೇ ಹಳ್ಳ ಸೇರುವುದು ಬೇಡ. ಬಸ್ಸಿಗೆ, ಡಾಕ್ಟರಿಗೆ, ಸಂತೆಗೆ ಎಲ್ಲರಿಗಿಂತ ಹೆಚ್ಚು ನಡೆಯುವ ಊರು ಯಾವುದೋ ಅಲ್ಲಿಗೆ ಬಹುಕಾಲ ಬಾಳುವ ಒಂದೇ ರಸ್ತೆ ಸಾಕು ಎಂದು ಸಾಹೇಬರು ತೀರ್ಮಾನಿಸಿದರು. ಊರೂರಿನ ದೂರ ಕೇಳಿ ಬರುವ ಘನಕಾರ್ಯ ನನ್ನ ಕಾಲುಗಳ ಪಾಲಿಗೆ ಬಂತು. ಊರಿನ ಹಿರಿಯರು ಹೇಳಿದ್ದನ್ನೇ ಬರೆದು ಸಹಿ ಹಾಕಿಸಬೇಕು. ನನ್ನ ಅಭಿಪ್ರಾಯಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ.

ವಾನಳ್ಳಿಯಿಂದಲೂ ಆಚೆ, ಗುಡ್ಡ ಹತ್ತಿಳಿದು ಗಣಪಣ್ಣನೆಂಬ ಹಿರಿಯರ ಜಗಲಿ ಮುಟ್ಟುವಾಗ ನನ್ನ ಚಪ್ಪಲಿ ಕೈಯಲ್ಲಿತ್ತು. ರಸ್ತೆ ಬರಬೇಕಾದ ಊರು ಇದೇ ಎಂಬುದರಲ್ಲಿ ನನ್ನ ಮೊಣಕಾಲುಗಳಿಗೆ ಸಂಶಯವಿರಲಿಲ್ಲ. ಮಳೆಗಾಲದಲ್ಲಿ ಗಾಡಿಯೂ ಹೋಗದ ಆ ಊರಿನಿಂದ ರೋಗಿಗಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತೊಯ್ಯುತ್ತಿದ್ದರು.

ಆದರೆ ಜಗಲಿಯಲ್ಲಿ ಸಿದ್ದಾಪುರದ ಕಡೆಯ ಹೆಗಡೆಯವರೊಬ್ಬರು ಕುಳಿತಿದ್ದರು. ಗಣಪಣ್ಣನ ಮಗನಿಗೆ ಮಗಳನ್ನು ಕೊಡುವ ಮೊದಲು ಮನೆ ನೋಡಲು ಬಂದವರು. ಬಸ್ಸಿಳಿದ ಅವರನ್ನು ಗಣಪಣ್ಣ ಕಮಾನುಗಾಡಿಯಲ್ಲಿ ಮೆತ್ತನೆಯ ಹುಲ್ಲಿನ ಮೇಲೆ ಮಲಗಿಸಿ ಕರೆತಂದಿದ್ದರು. ನಿದ್ದೆ ಹೋದ ಬೀಗರಿಗೆ ದೂರ ಕಾಣದೆಂಬುದು ಅವರ ಯೋಜನೆ. ಇದನ್ನರಿಯದ ನಾನು ಸರಕಾರದ ಗಾಂಭೀರ್ಯದಿಂದ ಬಸ್ಸಿಗೆ ಎಷ್ಟು ದೂರವೆಂದು ಕೇಳಿಬಿಟ್ಟೆ.

"ಎಂತ ದೂರ? ಇಲ್ಲೇ. ಕವಳ ಹಾಕಿ ಹೊರಟ್ರೆ ಉಗಿಯದ್ರೊಳಗೆ ಮುಟ್ತು" ಎಂದರು ಗಣಪಣ್ಣ, ಎಲೆಯಡಿಕೆಯ ತಟ್ಟೆಯನ್ನು ನನ್ನತ್ತ ಸರಿಸುತ್ತ.

ಹತ್ತಿರವೆಂದು ಬರೆದರೆ ರಸ್ತೆ ಹೋಯಿತು. ದೂರವೆಂದರೆ ಹೆಣ್ಣು ಹೋಯಿತು. ಮತ್ತೊಮ್ಮೆ ಯೋಚಿಸಿ ಹೇಳಿ ಎಂದು ಬೇಡಿಕೊಂಡೆ. ಅವರು ಕಣ್ಣಿನಲ್ಲೇ ನನ್ನನ್ನು ಅಂಗಳಕ್ಕೆ ದಬ್ಬಿದರು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಪುನಃ ತೆಗೆದೆ. ಆಡಳಿತವೆಂದರೆ ಬಹುಮಟ್ಟಿಗೆ ಇಷ್ಟೇ.

ಆಗ ಹೆಗಡೆಯವರು ಬಾಯಿಯ ಕವಳವನ್ನು ಕೆನ್ನೆಗೆ ಸರಿಸಿದರು. "ಭಾವಾ, ಆನು ಗಾಡಿಲಿ ಕಣ್ಣು ಮುಚ್ಚಿದ್ದಿ, ನಿದ್ದೆ ಮಾಡಿದ್ನಿಲ್ಲೆ. ದೂರನ ದೂರ ಹೇಳೇ ಬರೆಸು. ನಾಳೆ ಹೆರಿಗೆಗೆ ಜೋಲಿಲಿ ಹೋಗದು ಯಮ್ಮನೆ ಕೂಸೇ ಅಲ್ದ?"

ಮಗಳನ್ನು ಕೊಟ್ಟಂತೆಯೇ ಆದ ಆ ಮಾತಿನಲ್ಲಿ ಗಣಪಣ್ಣ 'ಭಾವಾ' ಎಂಬುದನ್ನು ಮಾತ್ರ ಕೇಳಿಸಿಕೊಂಡರೆಂದು ಕಾಣುತ್ತದೆ. ಅವರ ಮುಖ ಅರಳಿತು. ಆದರೆ ನಿಜ ಹೇಳಲು ಅನುಮತಿ ಸಿಕ್ಕ ಗಣಪಣ್ಣ ಅದರಲ್ಲಿ ನಿಲ್ಲಲಿಲ್ಲ. ಮೈಲಿಯ ಮೇಲೆ ಮೈಲಿ ಹೇರಿದರು, ಹೊಸ ಬೀಗರು ನಡುನಡುವೆ ಒಂದೊಂದು ಗುಡ್ಡ ಸೇರಿಸಿದರು. ಊರು ಯಲ್ಲಾಪುರದ ಗಡಿ ದಾಟುವ ಲಕ್ಷಣ ಕಂಡಾಗ ನಾನು ಕೈಮುಗಿದು, ಅದನ್ನು ಶಿರಸಿ ತಾಲೂಕಿನಲ್ಲೇ ಇರಗೊಡಿ ಎಂದೆ. ಕೊನೆಗೆ ನನ್ನ ಕಾಲುಗಳು ಒಪ್ಪುವ ದೂರಕ್ಕೇ ಅವರ ಸಹಿ ಬಿತ್ತು. ಮುಂದೆ ರಸ್ತೆಯೂ ಬಂತು, ಸೊಸೆಯೂ ಬಂದಳು.

ಹೊರಡುವಾಗ ಹೆಗಡೆಯವರು ನನ್ನನ್ನೂ ಗಾಡಿಗೆ ಹತ್ತಿಸಿಕೊಂಡರು. ಸಹಿಯಾದ ದೂರವನ್ನು ಬರುವ ದಾರಿಯಲ್ಲಿ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳೋಣವೆಂದುಕೊಂಡೆ. ಹುಲ್ಲು ಮೆತ್ತಗಿತ್ತು. ಅವರಂತೆ ಕಣ್ಣು ಮಾತ್ರ ಮುಚ್ಚುವ ವಿದ್ಯೆ ನನಗೆ ಬರುವುದಿಲ್ಲ. ಬಸ್ಸಿನ ಹಾರ್ನ್ ಕೇಳಿಯೇ ನನಗೆ ಎಚ್ಚರವಾಯಿತು. ಆದಕಾರಣ ಸರಕಾರದ ಬಳಿ ಇರುವುದು ಆ ಊರಿಗೆ ಹೋಗುವ ದೂರ ಮಾತ್ರ. ಬರುವ ದೂರ ಎಷ್ಟೆಂದು ಯಾರಾದರೂ ಕೇಳಿದರೆ, ಇಲ್ಲೇ ಎನ್ನದೆ ನನಗೆ ಗತ್ಯಂತರವಿಲ್ಲ.