ಭಾವಿ ಅಳಿಯನೂ ಜಿಮ್ಮಿಯ ಲಾಡಿಹುಳುವೂ

ಹೊಸಬರ ಮನೆಗೆ ಹೋದಾಗ ಕೆಲವರು ಗೋಡೆಯ ಫೋಟೊ ನೋಡುತ್ತಾರೆ, ಕೆಲವರು ಷೋಕೇಸಿನ ಗೊಂಬೆ ನೋಡುತ್ತಾರೆ. ನಾನು ನೆಲ ನೋಡುತ್ತೇನೆ. ಅದರಲ್ಲೂ ನಾಯಿ ಮಲಗಿದ್ದ ಜಾಗ. ಇದು ಕೆಟ್ಟ ಗುಣವಲ್ಲ, ಉದ್ಯೋಗ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ನಾಯಿ, ಬೆಕ್ಕು, ನರಿಗಳಂಥ ಮಾಂಸಾಹಾರಿಗಳ ಹೊಟ್ಟೆಯಲ್ಲಿರುವ ಲಾಡಿಹುಳು ಯಾವ ಪ್ರಭೇದದ್ದೆಂದು ಗುರುತಿಸುವುದರಲ್ಲೇ ಕೂದಲು ಉದುರಿಸಿಕೊಂಡವನು. ಈ ವಿದ್ಯೆಯಿಂದ ಮನೆಯಲ್ಲಿ ಸಿಕ್ಕ ಗೌರವವೆಂದರೆ, ನನ್ನ ಟವೆಲನ್ನು ಬೇರೆ ಹಗ್ಗದಲ್ಲಿ ಒಣಹಾಕುತ್ತಾರೆ. ಮೀನು ತರಲು ಕಳಿಸುವುದನ್ನೂ ನಿಲ್ಲಿಸಿದ್ದಾರೆ. ಒಮ್ಮೆ ಮಾರ್ಕೆಟಿನಲ್ಲೇ ಬಂಗುಡೆಯ ಕರುಳು ಬಿಡಿಸಿ ನೋಡುತ್ತ ನಿಂತಾಗ ಮೀನಿನವಳು, "ಇನ್ನು ನೀವು ಬರುವುದು ಬೇಡ, ಅಮ್ಮನವರನ್ನು ಕಳಿಸಿ" ಎಂದಿದ್ದಳು.

ಇಂಥ ನನ್ನ ಮಗಳು ಶರಲ್‌ಗೆ ಬಜಪೆಯಿಂದ ಒಂದು ಸಂಬಂಧ ಬಂತು. ಹುಡುಗ ನಮ್ಮ ಕುಲಶೇಖರದ ಮನೆಗೆ ಬಂದು ಹೋದ ದಿನ ನನಗೆ ಪರೀಕ್ಷೆಯ ಡ್ಯೂಟಿ. ಮಗಳು ಮೆಚ್ಚಿದ್ದಳು, ಹೆಂಡತಿ ಐರಿನ್ ಮೆಚ್ಚಿದ್ದಳು. ಇನ್ನು ನಮ್ಮವರ ರೂಢಿಯಂತೆ ನಾವಿಬ್ಬರೂ ಹುಡುಗನ ಮನೆ ನೋಡಲು ಹೋಗಬೇಕು, ನಾನು ಹುಡುಗನನ್ನು ನೋಡಿ ಹೂಂ ಎನ್ನಬೇಕು. "ನಿಮ್ಮ ಕೆಲಸ ಅದೊಂದೇ. ಅಲ್ಲಿ ಹುಳದ ಸುದ್ದಿ ಎತ್ತಿದರೆ ನಾನು ಬಸ್ಸಿನಲ್ಲಿ ವಾಪಸ್ ಬರ್ತೇನೆ" ಎಂದು ಐರಿನ್ ದಾರಿಯುದ್ದಕ್ಕೂ ಹೇಳಿದಳು.

ಬಜಪೆಯಲ್ಲಿ ನಾನು ಒಳ್ಳೆಯ ಮನುಷ್ಯನಂತೆ ಕೇಕು ತಿಂದೆ, ಸೆಕೆಯ ಬಗ್ಗೆ ಮಾತಾಡಿದೆ. "ಮಗ ಡ್ಯೂಟಿ ಮುಗಿಸಿ ಈಗ ಬರ್ತಾನೆ ಸರ್" ಎಂದ ಹುಡುಗನ ತಾಯಿ, ಅಷ್ಟಕ್ಕೆ ಸುಮ್ಮನಿರದೆ, "ನಮ್ಮ ನಾಯಿ ಜಿಮ್ಮಿಗೆ ಎಂತದೋ ಆಗಿದೆ. ಅಂಡು ನೆಲಕ್ಕೆ ಉಜ್ಜಿಕೊಂಡೇ ಹೋಗ್ತದೆ. ಮಲಗಿದಲ್ಲೆಲ್ಲ ಸೌತೆಬೀಜದ ಹಾಗಿನದ್ದು ಬೀಳ್ತದೆ. ಬೀಜ ಆದರೆ ಹರಿದಾಡುವುದುಂಟಾ?" ಎಂದರು.

ಐರಿನ್ ನನ್ನ ಕಾಲು ತುಳಿದಳು. ಸೌತೆಬೀಜ ಹರಿದಾಡುತ್ತದೆಂದು ಕೇಳಿಯೂ ಸುಮ್ಮನೆ ಕೂರಲು ನಾನೇನು ಸಂತನೇ? ಕಣ್ಣುಮುಚ್ಚಿ ತೆರೆಯುವುದರೊಳಗೆ ಕೋಟು ಸಮೇತ ಹಿಂದಿನ ವರಾಂಡದಲ್ಲಿ ಬೋರಲು ಮಲಗಿ, ಜೇಬಿನಿಂದ ಭೂತಗನ್ನಡಿ ತೆಗೆದಿದ್ದೆ. ಹೆಣ್ಣು ಕೊಡುವ ಮನೆಗೆ ಭೂತಗನ್ನಡಿ ಯಾಕೆ ಎಂದು ಐರಿನ್ ಆಮೇಲೆ ಕೇಳಿದಳು. ಅವಳ ಪರ್ಸಿನಲ್ಲಿ ಜಪಮಾಲೆ ಯಾಕಿತ್ತು ಎಂದು ನಾನು ಕೇಳಿದೆನೇ?

"ಲೈಟ್!" ಎಂದೆ. ಯಾರೋ ಮೊಬೈಲಿನ ಟಾರ್ಚ್ ಹಿಡಿದರು; ಭೂತಗನ್ನಡಿಯ ಪಕ್ಕದಲ್ಲಿ ನನಗೆ ಕಂಡದ್ದು ಒಂದು ಹೆಬ್ಬೆರಳು ಮಾತ್ರ. "ಸ್ವಲ್ಪ ಎಡಕ್ಕೆ ಮಾರಾಯ. ಹಾಂ. ನೋಡು, ಇದು ಬೀಜ ಅಲ್ಲ, ಲಾಡಿಹುಳುವಿನ ತುಂಡು. ತುಂಡಿನ ಎರಡೂ ಅಂಚಿನಲ್ಲಿ ಒಂದೊಂದು ರಂಧ್ರ ಉಂಟು. ಒಂದೇ ಅಂಚಿನಲ್ಲಿದ್ದರೆ ಟೀನಿಯಾ ಅಂತ ಬೇರೆ ಜಾತಿ. ಇದು ಡಿಪಿಲಿಡಿಯಂ! ಚಿಗಟ ನುಂಗಿ ಬಂದದ್ದು."

"ಹಾಗಾದರೆ ಚಿಗಟಕ್ಕೂ ಮದ್ದು ಮಾಡಬೇಕಾ ಅಂಕಲ್?" ಎಂದು ಟಾರ್ಚ್ ಕೇಳಿತು. ಎಂಥ ಪ್ರಶ್ನೆ! ನನ್ನ ಎಂ.ಎಸ್ಸಿ. ವಿದ್ಯಾರ್ಥಿಗಳೂ ಕೇಳಿದ್ದಿಲ್ಲ. ಸಂತೋಷದಿಂದ ಜಿಮ್ಮಿಯ ಬಾಲ ಎತ್ತಿ ಇನ್ನಷ್ಟು ವಿವರಿಸುತ್ತಿದ್ದಂತೆ ಐರಿನ್ ನನ್ನನ್ನು ಎಳೆದು ಕಾರಿಗೆ ತುಂಬಿದಳು.

"ಹುಡುಗ ಕೊನೆಗೂ ಬರಲೇ ಇಲ್ಲವಲ್ಲ" ಎಂದೆ. "ಮತ್ತೆ ನಿಮಗೆ ಟಾರ್ಚ್ ಹಿಡಿದದ್ದು ಯಾರು?" ಎಂದಳು.

ಶರಲ್ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು. "ಪಪ್ಪಾ, ಅವನು ಹೇಗೆ ಕಂಡ?" ಎಂದಳು. "ಒಳ್ಳೆಯ ಹುಡುಗ ಮಗಾ. ಕೈ ನಡುಗುವುದಿಲ್ಲ" ಎಂದೆ. ಅವಳು ಕುಣಿದು ನನ್ನನ್ನು ಅಪ್ಪಿಕೊಂಡಳು. ಹುಳುವಿನ ತಲೆ ನೋಡದೆ ಪ್ರಭೇದ ಬರೆದ ಎಷ್ಟೋ ವಿದ್ಯಾರ್ಥಿಗಳ ಉತ್ತರಕ್ಕೆ ಕೆಂಪು ಗೆರೆ ಎಳೆದವನು ನಾನು. ಜಿಮ್ಮಿಯ ಹುಳು ಬಿಡಿ, ತುಂಡಿನಿಂದಲೇ ಗುರುತು ಸಿಗುವಂಥದ್ದು. ಅಳಿಯನ ವಿಷಯದಲ್ಲಿ ನಾನು ನೋಡಿ ಒಪ್ಪಿದ್ದು ಒಂದು ಹೆಬ್ಬೆರಳನ್ನು.