ಲೈನ್‌ಮನ್ ಅಪ್ಪನ ಮೇಲೊಂದು ಪಿಚ್ಚರ್

ಕಂಬ ಹತ್ತುವ ನೌಕರಿ ಹಿಡಿದವನು ಮನೆಯವರ ಬಾಯಿಗೆ ಸಿಗುವುದು ತಪ್ಪಿದ್ದಲ್ಲ. ನಾನು ಮಾಸೂರು ಭಾಗದ ಲೈನ್‌ಮನ್. ಮನೆಯಲ್ಲಿ ಹೆಂಡತಿ, ಹದಿನೈದು ವರ್ಷದ ಮಗಳು. ಇಬ್ಬರೂ ಸೇರಿಕೊಂಡು ನನ್ನನ್ನು ನೋಡಿ ನಗುವ ಪ್ರಸಂಗ ವಾರಕ್ಕೊಂದಾದರೂ ನಡೆಯುತ್ತದೆ. ಕೆಲವನ್ನು ನಾನೇ ಹೇಳಿಬಿಡುತ್ತೇನೆ. ಅವರು ಹೇಳಿದರೆ ಉಪ್ಪುಖಾರ ಜಾಸ್ತಿ ಹಚ್ಚುತ್ತಾರೆ.

೧. ಯಾವೂರು?

ಕೆರೆಯ ಕೆಳಗಿನ ಗದ್ದೆಗಳಿಗೆ ತ್ರೀ ಫೇಸ್ ಕರೆಂಟ್ ತಪ್ಪಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಪಂಪ್‌ಸೆಟ್ಟಿನವರು ಒಬ್ಬರ ಹಿಂದೆ ಒಬ್ಬರು ಕರೆ ಮಾಡುತ್ತಾರೆ. ಒಮ್ಮೆ ಹೀಗೇ ಎಲ್ಲರಿಗೂ ಸಮಾಧಾನ ಹೇಳಿ ಸುಸ್ತಾಗಿದ್ದಾಗ ಮತ್ತೊಂದು ಕರೆ ಬಂತು. ನಂಬರು ನೋಡದೆ ಎತ್ತಿದೆ.

“ಊಟಕ್ಕ ಬರ್ತೀರೇನ್ರಿ?” ಎಂದಿತು ಹೆಣ್ಣು ದನಿ.

“ಯಾವೂರ್ರಿ? ಯಾವ ಟಿ.ಸಿ.?” ಎಂದೆ. ಟಿ.ಸಿ. ಎಂದರೆ ನಮ್ಮ ಕಡೆ ಟ್ರಾನ್ಸ್‌ಫಾರ್ಮರ್.

“ನಿಮ್ಮ ಊರ, ನಿಮ್ಮ ಮನಿ. ಕಂಪ್ಲೇಂಟ್ ಬರಕೋರಿ, ಮುಂಜಾನಿಂದ ಗಂಡ ಇಲ್ಲ,” ಎಂದಳು ನನ್ನ ಹೆಂಡತಿ.

೨. ಸವಣೂರಿನ ಫೋಟೋ

ಒಂದು ರವಿವಾರ ಅದೃಷ್ಟಕ್ಕೆ ರಜೆ ಸಿಕ್ಕಿತು. ಸವಣೂರಿನಲ್ಲಿರುವ ಹೆಂಡತಿಯ ತಂಗಿಯ ಮನೆಗೆ ಹೋದೆವು. ಸಂಜೆ ಕುರುಕಲು ಖಾರ ಮಾರುವ ಅಂಗಡಿಯ ಮುಂದೆ ಮಗಳು ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದಳು. ಒಂದಲ್ಲ, ಹನ್ನೊಂದು. ಹನ್ನೊಂದರಲ್ಲೂ ಎಲ್ಲರೂ ಮುಂದೆ ನೋಡುತ್ತಿದ್ದಾರೆ, ನಾನೊಬ್ಬ ಮೇಲೆ ನೋಡುತ್ತಿದ್ದೇನೆ. ಅಲ್ಲೊಂದು ತಂತಿ ಜೋತುಬಿದ್ದಿತ್ತು, ಏನು ಮಾಡಲಿ?

ನಾದಿನಿ ಫೋಟೋ ನೋಡಿ, “ಮಾಮಾ, ದೇವರಿಗೆ ಏನ್ ಬೇಡಿಕೊಳ್ಳಾಕತ್ತೀರಿ?” ಎಂದಳು.

ನನ್ನ ಪರವಾಗಿ ಮಗಳೇ ಉತ್ತರ ಕೊಟ್ಟಳು. “ಮಳಿ ಬ್ಯಾಡ, ಗಾಳಿ ಬ್ಯಾಡ ಅಂತ, ಚಿಗವ್ವಾ.”

೩. ಒಂದೇ ಡೈಲಾಗು

ಈ ವರ್ಷ ಮಗಳ ಶಾಲೆಯಲ್ಲಿ ಒಂದು ಸ್ಪರ್ಧೆ. ಮನೆಯವರೊಬ್ಬರ ಮೇಲೆ ಮೊಬೈಲಿನಲ್ಲಿ ಐದು ನಿಮಿಷದ ಪಿಚ್ಚರ್ ಮಾಡಬೇಕು. ಮಗಳು ನನ್ನನ್ನು ಆರಿಸಿಕೊಂಡಳು. ಮೂರು ಸಲ ಟೈಮ್ ಕೊಟ್ಟೆ, ಮೂರೂ ಸಲ ಎಲ್ಲೋ ಲೈನ್ ಹರಿದುಬಿತ್ತು. ಅವಳು ನನ್ನ ಚಪ್ಪಲಿ, ಖಾಲಿ ಕುರ್ಚಿ, ತಣ್ಣಗಾದ ರೊಟ್ಟಿ ಇವನ್ನೇ ಚಿತ್ರಿಸಿಕೊಂಡಳು. ನಾಲ್ಕನೇ ಸಲ ಕೈಗೆ ಸಿಕ್ಕೆ.

“ನಿಮ್ಮ ಮಗಳು ಎಷ್ಟನೇ ಕ್ಲಾಸ್ರಿ?” ಎಂದು ಟಿವಿಯವರ ಗತ್ತಿನಲ್ಲಿ ಕೇಳಿದಳು.

“ಒಂಬತ್ತು,” ಎಂದೆ.

ಅವಳು ಹತ್ತನೇ ಕ್ಲಾಸು. ತಪ್ಪು ತಿಳಿಯುವಷ್ಟರಲ್ಲಿ ಮತ್ತೆ ಫೋನು ರಿಂಗಾಯಿತು, ಏಳಲೇಬೇಕಾಯಿತು. “ಅದನ್ನ ತಗದುಬಿಡವ್ವಾ,” ಎಂದು ಬೇಡಿಕೊಂಡೆ.

“ಹೆಂಗ ತಗೀಲಪ್ಪಾ? ಇಡೀ ಪಿಚ್ಚರ್‌ದಾಗ ನಿಂದು ಇದೊಂದ ಡೈಲಾಗ್ ಐತಿ.”

೪. ಸಹಜ ಅಭಿನಯ

ಪಿಚ್ಚರ್ ತೋರಿಸುವ ದಿನ ಕೊನೆಯವರೆಗೂ ಕೂರುತ್ತೇನೆಂದು ಮಾತು ಕೊಟ್ಟಿದ್ದೆ. “ನಡುವ ಎದ್ದು ಹೋದ್ರ ನಿನ್ನ ಜೋಡಿ ಮಾತಾಡಂಗಿಲ್ಲ,” ಎಂದು ಮಗಳೂ ಹೇಳಿದ್ದಳು. ರಜೆ ಹಾಕಿದೆ. ಇಸ್ತ್ರಿ ಅಂಗಿ ತೊಟ್ಟು, ಫೋನು ಬಂದ್ ಮಾಡಿ ಹೆಂಡತಿಯ ಕೈಗೆ ಕೊಟ್ಟು, ಮಧ್ಯಾಹ್ನ ಶಾಲೆಯ ಮುಂದಿನ ಸಾಲಿನಲ್ಲೇ ಹೋಗಿ ಕುಳಿತೆ.

ಪರದೆಯ ಮೇಲೆ ನಮ್ಮ ಅಡುಗೆಮನೆ ಬಂತು. ತಾಟು ಬಡಿಸಿದ್ದಾರೆ, ಫೋನು ರಿಂಗಾಗುತ್ತದೆ, ಅಪ್ಪನ ಕುರ್ಚಿ ಖಾಲಿಯಾಗಿದೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆಯ ಕರೆಂಟ್ ಹೋಯಿತು.

ಇಡೀ ಸಭೆ ನನ್ನ ಕಡೆ ತಿರುಗಿತು. ನಾನು ಅರ್ಧ ಎದ್ದೆ, ಮತ್ತೆ ಕುಳಿತೆ. ಎದ್ದರೆ ಮಗಳು ಮಾತು ಬಿಡುತ್ತಾಳೆ, ಏಳದಿದ್ದರೆ ಅವಳ ಪಿಚ್ಚರೇ ನಿಲ್ಲುತ್ತದೆ. ಕೊನೆಗೆ ಅವಳೇ, “ಹೋಗಪ್ಪಾ,” ಎಂದಳು. ಓಡಿದೆ. ಶಾಲೆಯ ಹಿಂದಿನ ಟಿ.ಸಿ.ಯ ಫ್ಯೂಸ್ ಹೋಗಿತ್ತು. ಕಟ್ಟಿ ಹೊರಟರೆ ದಾರಿಯಲ್ಲಿ ಪಂಪ್‌ಸೆಟ್ಟಿನವರೊಬ್ಬರು ಹಿಡಿದು ನಿಲ್ಲಿಸಿದರು. ಅವರಿಂದ ಬಿಡಿಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಚಪ್ಪಾಳೆ ಬೀಳುತ್ತಿತ್ತು. ಪಿಚ್ಚರ್ ಮುಗಿದಿತ್ತು.

ತೀರ್ಪು ಕೊಡಲು ಹಾನಗಲ್ಲಿನಿಂದ ಒಬ್ಬ ಮಾಸ್ತರರು ಬಂದಿದ್ದರು. ಮೊದಲ ಬಹುಮಾನ ನನ್ನ ಮಗಳಿಗೇ ಎಂದು ಸಾರಿ, ನಮ್ಮಿಬ್ಬರನ್ನೂ ವೇದಿಕೆಗೆ ಕರೆದು ನನ್ನ ಕೈ ಕುಲುಕಿದರು.

“ನಡುವ ಕರೆಂಟ್ ತಗಿಸಿ, ಎಲ್ಲಾರ ಎದುರಿಗೆ ಅಪ್ಪನ್ನ ಎಬ್ಬಿಸಿ ಕಳಿಸಿದ್ದು ಭಾಳ ಹೊಸಾ ಐಡಿಯಾ. ಆ ಚಡಪಡಿಕಿ ಏನು, ಆ ಓಟ ಏನು, ಖರೇ ಅನ್ನಿಸಿಬಿಡ್ತು. ಎಷ್ಟು ದಿನ ತಾಲೀಮು ಮಾಡೀರ್ರಿ?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಮೈಕ್ ತೆಗೆದುಕೊಂಡಳು.

“ಹದಿನೈದು ವರ್ಷ ಆತ್ರಿ, ಸರ್.”